ಅತ್ತೆಯ ಬೆಕ್ಕಿಗೆ ಕೂದಲು ಹೋದ ಬೇಸಿಗೆ

ಎಪ್ಪತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ನಾನು ಚಿಕ್ಕನಾಯಕನಹಳ್ಳಿಗೂ ತಿಪಟೂರಿಗೂ ನಡುವಿನ ಒಂದು ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ಮಗಳಿಗೆ ಏಳು ತಿಂಗಳು. ಮನೆಯಲ್ಲಿ ಗಂಡ, ಅತ್ತೆ, ನಾನು, ಮಗು, ಜೊತೆಗೆ ಅತ್ತೆಯ ಬೂದು ಬೆಕ್ಕು. ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಬಿಟ್ಟಿರುತ್ತಿದ್ದ ಮನೆ ಅದು. ಇಲಿ ಕಾಟಕ್ಕೆ ಬೆಕ್ಕು ಬೇಕೇ ಬೇಕಿತ್ತು. ಆದರೆ ಅತ್ತೆಗೆ ಅದು ಬರೀ ಇಲಿ ಹಿಡಿಯುವ ಪ್ರಾಣಿಯಾಗಿರಲಿಲ್ಲ. ಮಾವ ತೀರಿಕೊಂಡ ಮೇಲೆ ಅವರ ಮಾತು ಬಹಳ ಕಡಿಮೆಯಾಗಿತ್ತು. ಒಲೆ ಮುಂದೆ ಕೂತಾಗ ಮಾತ್ರ ಬೆಕ್ಕಿನೊಂದಿಗೆ ಏನೇನೋ ಹೇಳಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ಬೆಕ್ಕು ಅಟ್ಟದ ಮೂಲೆಯಲ್ಲಿ ಮೂರು ಮರಿ ಹಾಕಿತು. ಕಣ್ಣು ಬಿಟ್ಟ ಕೂಡಲೇ ಒಂದೊಂದನ್ನೇ ಕಚ್ಚಿಕೊಂಡು ಬಂದು ಮಗುವಿನ ತೊಟ್ಟಿಲ ಕೆಳಗೆ ಇಟ್ಟಿತು. ಮತ್ತೆ ಅಟ್ಟಕ್ಕೆ ಸಾಗಿಸಿದರೆ ಸಂಜೆಯೊಳಗೆ ವಾಪಸ್ಸು. ಬೆಕ್ಕು ತೊಟ್ಟಿಲೊಳಗೆ ಮಲಗಿ ಕೂಸಿನ ಉಸಿರು ಕಟ್ಟಿಸುತ್ತದೆಂದು ತವರಿನಲ್ಲಿ ಯಾರೋ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ಬೆಳಿಗ್ಗೆ ಅತ್ತೆ ತೋಟಕ್ಕೆ ಹೋಗಿದ್ದರು. ಗಂಡ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿನ ಮಂಡಿಗೆ ಹೊರಡುತ್ತಿದ್ದರು. ಮೂರು ಮರಿಗಳನ್ನೂ ಮಂಕರಿಯಲ್ಲಿ ಹಾಕಿ ಅವರ ಕೈಗೆ ಕೊಟ್ಟೆ.

"ಇನ್ನೂ ಹಾಲು ಕುಡಿಯೋವು ಕಣೇ," ಎಂದರು ಅವರು.

"ಮಂಡಿ ಹತ್ರ ಬುಟ್ಟು ಬನ್ನಿ. ಅಲ್ಲಿ ಯಾರಾದ್ರೂ ಸಾಕ್ಕೊಂತಾರೆ."

ಅತ್ತೆಗೆ, ಗಂಡುಬೆಕ್ಕು ಬಂದು ಕಚ್ಚಿಕೊಂಡು ಹೋಯಿತು ಎಂದೆ. ಅವರು ನಂಬಿದರು. ಅಂಗಳದ ತುಂಬಾ ಹುಡುಕಿ, ರಕ್ತದ ಗುರುತೂ ಇಲ್ಲವಲ್ಲ ಎಂದು ಒಮ್ಮೆ ಅಂದದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಬೆಕ್ಕು ಮೂರು ದಿನ ಅಟ್ಟ ಹತ್ತಿ ಇಳಿದು ಕೂಗಿತು. ಆಮೇಲೆ ಕೂಗು ನಿಂತು ನೆಕ್ಕಿಕೊಳ್ಳುವುದು ಶುರುವಾಯಿತು. ರಾಗಿ ಚೀಲದ ಮೇಲೆ ಕೂತು ಹೊಟ್ಟೆ, ತೊಡೆ ನೆಕ್ಕುತ್ತಲೇ ಇರುತ್ತಿತ್ತು. ತಿಂಗಳೊಳಗೆ ಹೊಟ್ಟೆಯೂ ಹಿಂಗಾಲುಗಳ ಒಳಭಾಗವೂ ಬೋಳಾದವು. ಹಲ್ಲಿ ತಿಂದಿದೆ ಎಂದರು ಒಬ್ಬರು. ಪಕ್ಕದ ಮನೆಯಾಕೆ ಹುಳುಕಡ್ಡಿ, ಮಗುವಿಗೂ ಹತ್ತುತ್ತೆ ಎಂದರು. ಅತ್ತೆ ಬೇವಿನೆಣ್ಣೆ ಹಚ್ಚಿದರು. ಬೆಕ್ಕು ಅದನ್ನೂ ನೆಕ್ಕಿ ವಾಂತಿ ಮಾಡಿಕೊಂಡಿತು. ಅದೇ ಹೊತ್ತಿಗೆ ಮಗಳ ಕತ್ತಿನ ಮಡಿಕೆಯಲ್ಲಿ ಕೆಂಪಗೆ ಒಂದು ಮಚ್ಚೆ ಎದ್ದಿತು. ಗಂಡ ಎಲ್ಲಿಂದಲೋ ಡಿ.ಡಿ.ಟಿ. ಪುಡಿ ತಂದು, ಇದನ್ನು ಬೆಕ್ಕಿನ ಮೈಗೆ ಉದುರಿಸಿ ನೋಡಿ, ಗುಣವಾಗದಿದ್ದರೆ ಅದನ್ನು ದೂರ ಬಿಟ್ಟು ಬರುತ್ತೇನೆ ಎಂದರು.

ಅತ್ತೆ ಪುಡಿಯ ಪೊಟ್ಟಣವನ್ನು ಸೂರಿಗೆ ಸಿಕ್ಕಿಸಿ, "ನಾಳೆ ತಿಪಟೂರಿನ ದನದ ಆಸ್ಪತ್ರೆಗೆ ಓಗ್ತೀನಿ. ನೀನೂ ಬಾ," ಎಂದರು.

ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾನು, ಬಟ್ಟೆ ಮುಚ್ಚಿದ ಮಂಕರಿ ಹಿಡಿದು ಅವರು, ಬಸ್ಸಿನಲ್ಲಿ ಹೋದೆವು. ಆಸ್ಪತ್ರೆಯ ಮುಂದೆ ಎತ್ತು, ಕುರಿಗಳ ಸಾಲು. ಬೆಕ್ಕು ತಂದವರು ನಾವಿಬ್ಬರೇ. ಡಾಕ್ಟರು ನಗಲಿಲ್ಲ; ಡಿ.ಡಿ.ಟಿ. ಪುಡಿ, ಮಗುವಿನ ಮಚ್ಚೆ ಎಲ್ಲವನ್ನೂ ಕೇಳಿಸಿಕೊಂಡರು. ಸಣ್ಣ ಬಾಚಣಿಗೆಯಿಂದ ಬೆನ್ನು ಬಾಚಿ, ಉದುರಿದ ಕರಿ ಕಣಗಳನ್ನು ಒದ್ದೆ ಹತ್ತಿಯ ಮೇಲೆ ಒತ್ತಿದರು. ಹತ್ತಿ ಕೆಂಪಾಯಿತು.

"ಚಿಗಟ ಇದೆ. ಇದು ಅದರ ಹಿಕ್ಕೆ, ರಕ್ತ ಕುಡಿದದ್ದು. ಡಿ.ಡಿ.ಟಿ. ಮಾತ್ರ ಹಾಕಬೇಡಿ. ನೆಕ್ಕಿ ಸತ್ತುಹೋಗುತ್ತೆ." ಆಮೇಲೆ ಬೋಳಾದ ಜಾಗವನ್ನು ಬೆರಳಿಂದ ಸವರಿದರು. "ಕೂದಲು ಬುಡದಿಂದ ಉದುರಿಲ್ಲ, ನೆಕ್ಕಿ ನೆಕ್ಕಿ ತುಂಡಾಗಿದೆ. ಹುಳುಕಡ್ಡಿ ಥರ ಕಾಣಲ್ಲ. ಮಗುವಿನ ಕತ್ತನ್ನು ಡಾಕ್ಟರಿಗೆ ತೋರಿಸಿ. ಇದು ಮರಿ ಹಾಕಿದ ಹಾಗಿದೆ, ಮರಿಗಳೆಲ್ಲಿ?"

"ಗಂಡುಬೆಕ್ಕು ತಗಂಡೋಯ್ತು ಸ್ವಾಮಿ," ಎಂದರು ಅತ್ತೆ.

"ಮರಿ ಹೋದಾಗ ಕೆಲವು ಹೀಗೆ ಮೈ ನೆಕ್ಕಿಕೊಳ್ತವೆ. ಇದು ಚಿಗಟದಿಂದಲೋ, ಆ ಸಂಕಟದಿಂದಲೋ, ಎರಡೂ ಸೇರಿದೆಯೋ, ನಾನು ಖಂಡಿತ ಹೇಳಲಾರೆ."

ಹೊರಗೆ ಬೇವಿನ ಮರದ ಕೆಳಗೆ ಬಂದ ಮೇಲೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅತ್ತೆ ನನ್ನ ಮುಖ ನೋಡಲಿಲ್ಲ.

"ಯಾವ ಮಂಡಿ?" ಎಂದಷ್ಟೇ ಕೇಳಿದರು.

ಬಿಸಿಲಲ್ಲಿ ಅಲ್ಲಿಯವರೆಗೂ ನಡೆದೆವು. ಮಂಡಿಯ ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಹೆಂಗಸನ್ನು ಅತ್ತೆ ವಿಚಾರಿಸಿದರು.

"ಊಂ ಕಣಮ್ಮ, ಇದ್ವು ಮೂರು. ಎರಡು ಮಾರನೇ ದಿನಾನೇ ಸತ್ತೋದ್ವು, ಹಾಲಿಲ್ದೆ. ಒಂದನ್ನ ಹೂ ಮಾರೋಳು ಸೆರಗಲ್ಲಾಕ್ಕಂಡು ಹೋದ್ಲು. ಅವಳೂ ಈಚೆಗೆ ಬಂದಿಲ್ಲ."

ಅತ್ತೆ ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು. ಮಂಕರಿಯನ್ನು ನಾನು ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ. ಬಸ್ಸಿನಲ್ಲಿ ನಮ್ಮ ಊರು ಹತ್ತಿರ ಬಂದಾಗ, ಕಿಟಕಿಯತ್ತ ನೋಡುತ್ತಲೇ, "ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ತೊಟ್ಟಿಲನ್ನ ಎತ್ತರಕ್ಕೆ ಕಟ್ಟುಸ್ತಿದ್ದೆ ಕಣವ್ವ," ಎಂದರು.

ಮಗಳ ಕತ್ತಿನ ಮಚ್ಚೆ ಬೆವರು, ಜೊಲ್ಲಿನಿಂದ ಆದದ್ದಂತೆ. ನಾಲ್ಕು ದಿನ ಒಣಗಿಸಿ ಒರೆಸಿದ್ದಕ್ಕೆ ಹೋಯಿತು. ನಾನು ಗೋಣಿಚೀಲಗಳನ್ನೆಲ್ಲ ಬಿಸಿಲಿಗೆ ಹಾಕಿದೆ, ಮನೆಯ ಮೂಲೆಮೂಲೆ ಗುಡಿಸಿದೆ. ಅತ್ತೆ ದಿನವೂ ಬೆಕ್ಕನ್ನು ಬಾಚಿ ಚಿಗಟಗಳನ್ನು ಸೋಪಿನ ನೀರಿಗೆ ಹಾಕುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೂದಲು ಪೂರ್ತಿ ಬಂತು. ಚಿಗಟ ಹೋದದ್ದಕ್ಕೋ, ದಿನ ಕಳೆದದ್ದಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಮರುವರ್ಷ ಬೆಕ್ಕು ನಮ್ಮ ಮನೆಯಲ್ಲಿ ಮರಿ ಹಾಕಲಿಲ್ಲ. ಪಕ್ಕದವರ ಹುಲ್ಲಿನ ಬಣವೆಯ ಸಂದಿನಲ್ಲಿ ಹಾಕಿತು. ಅತ್ತೆ ದಿನಾ ಒಂದು ಚಿಪ್ಪಿನಲ್ಲಿ ಹಾಲು ತೆಗೆದುಕೊಂಡು ಅಲ್ಲಿಗೆ ಹೋಗಿ ಬರುತ್ತಿದ್ದರು. ನಾನೂ ಬರಲೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಾ ಎಂದು ಅವರೂ ಕರೆಯಲಿಲ್ಲ.