ಹಿಂದಕ್ಕೆ ಹೋಗುವ ಬಗ್ಗಿ

ಬೈಗುಳ ಮುಗಿದ ಮೇಲೆ ಎನಿಡ್ ಮಾಲೋ ಕೈಗವಸು ತೊಡುತ್ತಾರೆ. ಬೈಗುಳ ಕೊಕಟೂಗಳಿಗೆ ಸಲ್ಲುತ್ತದೆ. ಆಸ್ಟ್ರೇಲಿಯಾದ ಟ್ರೆವಾನ್ ದ್ವೀಪದ ಈ ಬಿಳಿ ಹಕ್ಕಿಗಳಿಗೆ ಮರದ ಹಣ್ಣಿಗಿಂತ ಬಗ್ಗಿಯ ಸೀಟಿನೊಳಗಿನ ಸ್ಪಂಜು ಹೆಚ್ಚು ರುಚಿ. ಬೆಳಕು ಹರಿಯುವ ಮೊದಲೇ ಬಂದು ಮೂರು ಸೀಟು ಬಿಚ್ಚಿ ಹರಡಿವೆ. "ಹಾಳಾದವೇ, ನಿಮ್ಮಪ್ಪ ತಂದಿಟ್ಟಿದ್ದಾ ಇದು?" ಎಂದು ಎನಿಡ್ ಪೊರಕೆ ಬೀಸುತ್ತಾರೆ. ಹಕ್ಕಿಗಳು ಷೆಡ್ಡಿನ ತಗಡಿನ ಮೇಲೆ ಕೂತು ಅಷ್ಟೇ ಜೋರಾಗಿ ಉತ್ತರ ಕೊಡುತ್ತವೆ. ಎರಡೂ ಕಡೆಯವರಿಗೂ ಇದು ಅಭ್ಯಾಸವಾಗಿ ಹೋಗಿದೆ.

ರಾತ್ರಿಯೆಲ್ಲ ಕರೆಂಟು ಕುಡಿದ ಅರವತ್ತು ಬಗ್ಗಿಗಳು ಸಾಲಾಗಿ ನಿಂತಿವೆ. ಒಂದೊಂದರ ಸೀಟನ್ನೂ ಎತ್ತಿದರೆ ಅಡಿಯಲ್ಲಿ ಆರು ಬ್ಯಾಟರಿ. ಎನಿಡ್ ಮುಚ್ಚಳ ತೆಗೆದು, ಟಾರ್ಚು ಬಿಟ್ಟು ಒಳಗೆ ಇಣುಕಿ, ಎಷ್ಟು ಬೇಕೋ ಅಷ್ಟು ಶುದ್ಧ ನೀರು ಹನಿಸುತ್ತಾರೆ. "ಚಾರ್ಜ್ ಆದ ಮೇಲೇ ನೀರು. ಮೊದಲೇ ಕುಡಿಸಿದ್ರೆ ಒಲೆ ಮೇಲೆ ಹಾಲಿಟ್ಟು ಮರೆತ ಹಾಗೆ, ಉಕ್ಕಿ ಆಸಿಡ್ಡೆಲ್ಲ ಆಚೆ" ಎನ್ನುತ್ತಾರೆ. ಅವರ ಖಾಕಿ ಪ್ಯಾಂಟಿನ ತೊಡೆಯ ಮೇಲೆ ಆಸಿಡ್ ತಿಂದ ತೂತುಗಳಿವೆ. ಚೆಲ್ಲಿದ ಆಸಿಡ್ಡಿಗೆ ಉದುರಿಸಲು ಅಡುಗೆ ಸೋಡಾದ ಡಬ್ಬವೊಂದು ಗೂಡಿನಲ್ಲಿದೆ. ಅದೇ ಡಬ್ಬ ಭಾನುವಾರ ಮನೆಗೆ ಹೋಗಿ ರೊಟ್ಟಿಯ ಹಿಟ್ಟಿಗೂ ಬೀಳುತ್ತದೆ. "ತಿಂದವರು ಯಾರೂ ಸತ್ತಿಲ್ಲ. ಸತ್ತಿದ್ರೆ ಸಾಗಿಸ್ತಿದ್ದೋಳು ನಾನೇ. ನನಗೆ ಗೊತ್ತಾಗ್ತಿರ್ಲಿಲ್ವಾ?"

ಜೂನ್ ಮೂವತ್ತಕ್ಕೆ ಇದೆಲ್ಲ ಮುಗಿಯುತ್ತದೆ. ದ್ವೀಪದ ರೆಸಾರ್ಟ್ ನಡೆಸುವ ಕಂಪನಿ ಹೊಸ ಬಗ್ಗಿಗಳನ್ನು ತರಿಸುತ್ತಿದೆ. ಅವುಗಳ ಬ್ಯಾಟರಿಗೆ ಮುಚ್ಚಳವೇ ಇಲ್ಲ, ಅವು ನೀರು ಕೇಳುವುದಿಲ್ಲ. ಹಳೆಯವು ಗುಜರಿಗೆ. ಷೆಡ್ಡಿಗೆ ಬೀಗ. ಷೆಡ್ಡಿನ ಕೆಲಸದ ಜೊತೆಗೆ ಕೊಟ್ಟಿದ್ದ ಹಿಂಬದಿಯ ಎರಡು ಕೋಣೆಯ ಮನೆಗೂ ಬೀಗ. ಆ ಮನೆಯ ಕಿಟಕಿಗೆ ಆತುಕೊಂಡ ಮಂಚದ ಮೇಲೆ ಎನಿಡ್ ಅವರ ಗಂಡ ಲೆಸ್ಟರ್ ಮಲಗಿದ್ದಾರೆ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು. ಗುರುವಾರದ ದೋಣಿಗೆ ಬರುವ ಡಾಕ್ಟರು ಈ ಚಳಿಗಾಲ ದಾಟುವುದು ಕಷ್ಟ ಎಂದಿದ್ದಾರೆ. ಇಲ್ಲಿನ ಚಳಿಗಾಲ ಈಗಷ್ಟೇ ಶುರುವಾಗಿದೆ, ಮುಗಿಯುವುದು ಆಗಸ್ಟಿಗೆ. ಸಾಯುವ ವಿಷಯದಲ್ಲಿ ಲೆಸ್ಟರ್ ಅವರಿಗೆ ತಕರಾರಿಲ್ಲ. ದ್ವೀಪದಲ್ಲೇ ಸಾಯಬೇಕು, ಉದ್ದ ಬಗ್ಗಿಯಲ್ಲೇ ಹೋಗಬೇಕು ಎಂಬುದೊಂದೇ ಹಟ.

ಬಗ್ಗಿ ಎಂದರೆ ಕನ್ನಡದ ಹಿರಿಯರಿಗೆ ಕುದುರೆ, ಚಾವಟಿ, ಒಳಗೆ ಮೀಸೆ ತಿರುವುತ್ತ ಕೂತ ಅಮಲ್ದಾರರು ನೆನಪಾಗಬಹುದು. ಎನಿಡ್ ಅವರ ಅಜ್ಜಿಗೂ ಹೆಚ್ಚುಕಡಿಮೆ ಅದೇ ನೆನಪಿತ್ತು, ಬೇರೆ ಮಗ್ಗುಲಿನಿಂದ. ಮುತ್ತಜ್ಜನನ್ನು ಪೆಸಿಫಿಕ್ ಸಾಗರದ ಮಾಲೋ ದ್ವೀಪದಿಂದ ಹಡಗಿಗೆ ತುಂಬಿಸಿ ಇಲ್ಲಿಂದ ಎದುರು ದಡದ ಪಟ್ಟಣ ಮೆಕಾಯ್‌ನ ಕಬ್ಬಿನ ಗದ್ದೆಗೆ ತಂದು ಬಿಟ್ಟಿದ್ದರು. ಗದ್ದೆಯ ಮೇಸ್ತ್ರಿ ಬರುತ್ತಿದ್ದುದು ಬಗ್ಗಿಯಲ್ಲಿ. ಹಾಗಾಗಿ ಅಜ್ಜಿಯ ಬಾಯಲ್ಲಿ "ಬಗ್ಗಿ ಬಂತು" ಎಂದರೆ ಬಾಯಿ ಮುಚ್ಚು ಎಂದರ್ಥ. ಮನೆಯ ಮಕ್ಕಳು ಅಳು ನಿಲ್ಲಿಸಲು ಗುಮ್ಮನ ಅಗತ್ಯವಿರಲಿಲ್ಲ. ಎನಿಡ್ ಅಮ್ಮನ ಕಾಲಕ್ಕೆ ಅದು ಕೂಸು ಮಲಗಿಸಿ ತಳ್ಳುವ ಗಾಡಿಯಾಯಿತು. ದೊರೆಸಾನಿಯ ಮಗುವನ್ನು ತಳ್ಳಿದ್ದು ಅಮ್ಮ. ಎನಿಡ್ ಹರೆಯಕ್ಕೆ ಬರುವ ಹೊತ್ತಿಗೆ ಹುಡುಗರು ಹಳೆ ಕಾರಿನ ಮೈ ಕಳಚಿ, ದಪ್ಪ ಚಕ್ರ ಹಾಕಿ ಮರಳದಿಬ್ಬದ ಮೇಲೆ ಹಾರಿಸುತ್ತಿದ್ದುದೂ ಬಗ್ಗಿಯೇ. ಅದರಲ್ಲಿ ಅವರ ಅಣ್ಣ ಕಾಲು ಕಳೆದುಕೊಂಡ. "ನಮ್ಮನೇಲಿ ಒಬ್ಬೊಬ್ಬರಿಗೆ ಒಂದೊಂದು ಬಗ್ಗಿ ಬರೆದಿತ್ತು. ನನಗೆ ಇದು" ಎಂದು ಎನಿಡ್ ಒಂದು ಸೀಟನ್ನು ದಡಾರನೆ ಮುಚ್ಚುತ್ತಾರೆ.

ಇದು ಎಂದರೆ ಗಾಲ್ಫ್ ಆಡುವವರು ಓಡಾಡುವ ಪುಟ್ಟ ಗಾಡಿ. ಟ್ರೆವಾನ್‌ನಲ್ಲಿ ಕಾರಿಗೆ ಅವಕಾಶವಿಲ್ಲ, ಆದ್ದರಿಂದ ಎಲ್ಲದಕ್ಕೂ ಇದೇ. ಮದುವಣಗಿತ್ತಿ ಬಗ್ಗಿಯಲ್ಲಿ ಬರುತ್ತಾಳೆ, ಅಡುಗೆಮನೆಯ ಕಸ ಬಗ್ಗಿಯಲ್ಲಿ ಹೋಗುತ್ತದೆ. ಎರಡೂ ಒಂದೇ ಬಗ್ಗಿಯೇ ಎಂದು ಕೇಳಿದರೆ ಎನಿಡ್ ಮಾತು ಬದಲಾಯಿಸುತ್ತಾರೆ. ಇಲ್ಲಿ ಯಾರಾದರೂ ಎದೆ ಹಿಡಿದು ಕೂತರೆ ಪಕ್ಕದವರು ಕೇಳುವುದು "ಬಗ್ಗಿ ಕರೀಲಾ?" ಎಂದು. ಕರೆದರೆ ಬರುವುದು ಉದ್ದ ಬಗ್ಗಿ. ಹಿಂದಿನ ಎರಡು ಸಾಲು ಸೀಟು ಕಿತ್ತು ಹಲಗೆ ಹಾಸಿದ್ದು. ರೋಗಿಯನ್ನು ಅದರಲ್ಲಿ ಮಲಗಿಸಿ ದೋಣಿ ನಿಲ್ಲುವ ಧಕ್ಕೆಗೆ ಒಯ್ಯುತ್ತಾರೆ. ತಡವಾಗಿದ್ದರೂ ಅದರಲ್ಲೇ ಒಯ್ಯುತ್ತಾರೆ. ದ್ವೀಪದಲ್ಲಿ ಮಣ್ಣು ಮಾಡಲು ಜಾಗವಿಲ್ಲ, ಎಲ್ಲ ಬರೀ ಬಂಡೆ. ಸತ್ತವರು ಸಾಮಾನು ಸಾಗಿಸುವ ಬಾರ್ಜಿನಲ್ಲಿ, ಖಾಲಿ ಗ್ಯಾಸ್ ಸಿಲಿಂಡರುಗಳ ಪಕ್ಕದಲ್ಲಿ ಮೆಕಾಯ್‌ಗೆ ಹೋಗುತ್ತಾರೆ.

ಉದ್ದ ಬಗ್ಗಿಯನ್ನು ಓಡಿಸುತ್ತಿದ್ದವರು ಲೆಸ್ಟರ್. ಟಾಸ್ಮೇನಿಯಾದಿಂದ ಒಂದು ಬೇಸಿಗೆಯ ಕೆಲಸಕ್ಕೆಂದು ಬಂದು ಮೂವತ್ತು ವರ್ಷ ಉಳಿದ ಮನುಷ್ಯ. ಇಲ್ಲಿನ ಧಕ್ಕೆ ಒಂದು ಬಗ್ಗಿಯಷ್ಟೇ ಅಗಲ, ತಿರುಗಿಸಲು ಜಾಗವಿಲ್ಲ. ಶವದ ಪೆಟ್ಟಿಗೆ ಇರುವುದು ಹಿಂಬದಿಯಲ್ಲಿ. ಬಾರ್ಜಿಗೆ ಅದನ್ನು ಜಾರಿಸಬೇಕಾದರೆ ಧಕ್ಕೆಯ ಉದ್ದಕ್ಕೂ ಬಗ್ಗಿಯನ್ನು ಹಿಮ್ಮುಖವಾಗಿಯೇ ಓಡಿಸಬೇಕು. ಹಿಂದಕ್ಕೆ ಹೊರಟ ಬಗ್ಗಿ ಸುಮ್ಮನಿರುವುದಿಲ್ಲ. ಪೀಂ, ಪೀಂ, ಪೀಂ ಎಂದು ಊರಿಗೆಲ್ಲ ಸಾರುತ್ತದೆ. ಮೊದಲ ಸಲ ಕೇಳಿದವರಿಗೆ ನಗು ಬಂದಿತ್ತಂತೆ. ಬರುಬರುತ್ತ ಅದೇ ಇಲ್ಲಿನ ಗಂಟೆ, ಅದೇ ಜಾಗಟೆಯಾಯಿತು. ಶಬ್ದ ಶುರುವಾದ ಕೂಡಲೇ ಅಡುಗೆಯವರು ಒಲೆ ಆರಿಸುತ್ತಾರೆ, ಬಟ್ಟೆ ಒಗೆಯುವವರು ಕೈ ಒರೆಸಿಕೊಳ್ಳುತ್ತಾರೆ, ಎಲ್ಲರೂ ಧಕ್ಕೆಗೆ ಇಳಿಯುತ್ತಾರೆ. ಶಬ್ದಕ್ಕೆ ಮೊದಲು ಯಾರೂ ಹೊರಡುವುದಿಲ್ಲ. ಸತ್ತವರನ್ನು ಅವಸರಪಡಿಸಿದಂತಾಗುತ್ತದೆ ಎಂದು ನಂಬಿಕೆ.

ಲೆಸ್ಟರ್ ಅವರ ಎದೆ ಕಟ್ಟಿಕೊಂಡ ವರ್ಷ ಚುಕ್ಕಾಣಿ ಎನಿಡ್ ಕೈಗೆ ಬಂತು. ಮೊದಲು ಸಿಕ್ಕಿದ್ದು ಬಟ್ಟೆ ಒಗೆಯುವ ಮನೆಯ ಹಿರಿಯಾಕೆ ಮಾವಿಸ್ ಅವರ ಪೆಟ್ಟಿಗೆ. ಮಾವಿಸ್ ಗಂಭೀರ ಹೆಂಗಸು, ಬದುಕಿದ್ದಾಗ ಯಾರೂ ಅವರೆದುರು ಶಿಳ್ಳೆ ಕೂಡ ಹಾಕಿದವರಲ್ಲ. ಅವರನ್ನು ಪೀಂ ಪೀಂ ಎನಿಸಿಕೊಂಡು ಒಯ್ಯುವುದು ಎನಿಡ್ ಮನಸ್ಸಿಗೆ ಒಗ್ಗಲಿಲ್ಲ. ಸೀಟಿನಡಿ ಕೈ ಹಾಕಿ ವೈರು ಕಿತ್ತರು. ಬಗ್ಗಿ ಸದ್ದಿಲ್ಲದೆ ಹಿಂದಕ್ಕೆ ಜಾರಿತು. ಧಕ್ಕೆಯ ಮೇಲೆ ಮಾವಿಸ್ ಮಗಳೊಬ್ಬಳನ್ನು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಬಾರ್ಜಿನವನು ಗಡಿಯಾರ ನೋಡಿದ. ಅಷ್ಟರಲ್ಲಿ ಎನಿಡ್ ಜೇಬಿನ ಫೋನು ಬಡಿದುಕೊಂಡಿತು. ಮನೆಯಲ್ಲಿ ಮಲಗಿದ್ದ ಲೆಸ್ಟರ್.

"ಏನೇ, ಮಾವಿಸ್ ಮನಸ್ಸು ಬದಲಾಯಿಸಿದ್ಲಾ?"

"ಇಲ್ಲಪ್ಪ, ಧಕ್ಕೆಗೆ ಬಂದಾಯ್ತು."

"ಶಬ್ದ ಎಲ್ಲೇ?"

"ಚೆನ್ನಾಗಿರಲ್ಲ ಅಂತ ವೈರು ಕಿತ್ತೆ."

"ಅಯ್ಯೋ ನಿನ್ನ! ಊರಿಗೆ ಊರೇ ಶೂ ಹಾಕ್ಕೊಂಡು ಮನೇಲಿ ಕೂತಿದೆ ಕಣೇ. ಅವಳೇನು ಕದ್ದ ಮಾಲಾ? ವಾಪಸ್ ಬಾ."

ಮಾವಿಸ್ ಅವರ ಪೆಟ್ಟಿಗೆ ಧಕ್ಕೆಯಿಂದ ಗುಡ್ಡಕ್ಕೆ ವಾಪಸ್ಸಾಯಿತು. ವೈರು ಸಿಕ್ಕಿಸಿದ ಮೇಲೆ ಎರಡನೆಯ ಸಲ ಹೊರಟಿತು, ಪೀಂ ಪೀಂ ಎನ್ನುತ್ತ. ಬಾಗಿಲುಗಳು ತೆರೆದವು. ಇಳಿತದ ನೀರಿಗೆ ಬಾರ್ಜು ತಳ ತಾಗುತ್ತದೆಂದು ಬಾರ್ಜಿನವನು ಕೂಗಾಡುತ್ತಿದ್ದ. ಊರವರು ಅವನನ್ನು ಗದರಿಸಿ ಸುಮ್ಮನಾಗಿಸಿದರು. "ಇಡೀ ದ್ವೀಪದಲ್ಲಿ ಎರಡು ಸಲ ಹೋದೋಳು ಮಾವಿಸ್ ಒಬ್ಬಳೇ" ಎಂದು ಎನಿಡ್ ಹೇಳುತ್ತಾರೆ. ನಗುತ್ತಾರೆ, ಆದರೆ ಹೆಚ್ಚು ಹೊತ್ತಲ್ಲ. "ಅವತ್ತೇ ಲೆಸ್ಟರ್ ಹೇಳಿದ್ದು. ಇಷ್ಟು ಜನಾನ ನಾನು ಬಗ್ಗಿ ಹಿಂದಕ್ಕೆ ಓಡಿಸಿ ಬಿಟ್ಟು ಬಂದೆ, ನನ್ನನ್ನ ನೀನು ಬಿಡಬೇಕು, ವೈರು ಮುಟ್ಟಬಾರದು ಅಂತ. ನಾನು ಹೂಂ ಅಂದೆ. ಆಗ ಹೂಂ ಅನ್ನೋಕೆ ಏನು ಕಷ್ಟ ಇತ್ತು?"

ಗಂಟೆ ಎಂಟಾಗುವ ಹೊತ್ತಿಗೆ ಬಗ್ಗಿಗಳೆಲ್ಲ ಷೆಡ್ಡು ಬಿಟ್ಟಿರುತ್ತವೆ. ಉಳಿದದ್ದು ಉದ್ದ ಬಗ್ಗಿಯೊಂದೇ. ಅದರ ಬ್ಯಾಟರಿಗಳು ಮುದಿಯಾಗಿವೆ, ಬದಲಿಗೆ ಹೊಸದು ತರಿಸಲು ಕಂಪನಿ ಒಪ್ಪುವುದಿಲ್ಲ, ಹೇಗೂ ಗುಜರಿಗೆ ಹೋಗುವ ಗಾಡಿ. ಎನಿಡ್ ಬೇರೆ ಬಗ್ಗಿಗಳಿಂದ ಗಟ್ಟಿಯಾಗಿರುವ ಬ್ಯಾಟರಿಗಳನ್ನು ಆರಿಸಿ ಇದಕ್ಕೆ ಹಾಕುತ್ತಿದ್ದಾರೆ. ಯಾರಿಗೂ ಹೇಳಿಲ್ಲ. ಎಲ್ಲರಿಗೂ ಗೊತ್ತಿದೆ. ಗುಡ್ಡದ ಏರಿನಲ್ಲಿ ತಮ್ಮ ಬಗ್ಗಿ ಮುಕ್ಕಿರಿದು ನಿಂತರೆ ಕೆಲಸದವರು ಇಳಿದು ತಳ್ಳುತ್ತಾರೆ, ದೂರು ಕೊಡುವುದಿಲ್ಲ.

ವಾಹನಗಳ ಉಸ್ತುವಾರಿ ನೋಡುವ ಬ್ರೆಂಟ್ ಕಾಫಿ ಲೋಟ ಹಿಡಿದು ಬರುತ್ತಾನೆ. ಮೂವತ್ತರ ಹುಡುಗ, ಒಳ್ಳೆಯವನು, ಅದೇ ಅವನ ತೊಂದರೆ. ಎನಿಡ್ ಅವನನ್ನು ಕೇಳಿದ್ದು ಒಂದೇ: ಲೆಸ್ಟರ್ ಇರುವಷ್ಟು ದಿನ ಮನೆಯನ್ನೂ ಉದ್ದ ಬಗ್ಗಿಯನ್ನೂ ಬಿಟ್ಟುಕೊಡಿ ಎಂದು.

"ಆಂಟಿ, ಮೇಲಿನವರ ಹತ್ರ ಮಾತಾಡಿದೆ. ಇಲ್ಲ ಅಂದಿಲ್ಲ."

"ಹೂಂ ಅಂದ್ರಾ?"

"ಅದೂ ಅಂದಿಲ್ಲ. ಎಲ್ಲೀವರೆಗೆ ಬೇಕು ಅಂತ ಒಂದು ತಾರೀಖು ಹೇಳಿ ಅಂದ್ರು."

ಎನಿಡ್ ಟಾರ್ಚು ಆರಿಸುತ್ತಾರೆ. ಮನೆಯ ಕಡೆ ತಿರುಗಿ ಕೂಗುತ್ತಾರೆ. "ಲೆಸ್ಟರ್! ನಮ್ಮ ಬ್ರೆಂಟ್ ಕೇಳ್ತಿದ್ದಾನೆ, ಯಾವತ್ತು ಹೋಗ್ತೀಯಾ ಅಂತ!"

ಕಿಟಕಿಯೊಳಗಿಂದ ಕೆಮ್ಮು ಮೊದಲು ಬರುತ್ತದೆ, ಮಾತು ಆಮೇಲೆ. "ಅವನಿಗೆ ರಜಾ ಯಾವಾಗ ಕೇಳು! ಪಾಪ ಸೊಂಟನೋವು, ಹೊರೋಕಾಗಲ್ಲ. ಅವನು ರಜೇಲಿದ್ದಾಗ ಹೋಗ್ತೀನಿ!"

ಬ್ರೆಂಟ್ ಕಿವಿಯವರೆಗೆ ಕೆಂಪಾಗುತ್ತಾನೆ. "ನಾನು ಕೇಳಿದ್ದಲ್ಲ ಆಂಟಿ, ಅವರು..." ಎನ್ನುತ್ತಾನೆ.

"ಗೊತ್ತು ಕಣಪ್ಪ. ಕಾಫಿ ಕುಡಿ, ಆರ್ತಾ ಇದೆ."

ಮೇಲಿನವರ ಉತ್ತರ ಮಧ್ಯಾಹ್ನವೇ ಬರುತ್ತದೆ. ಎನಿಡ್ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಚಮಚದಲ್ಲಿ ನುರಿದು ಲೆಸ್ಟರ್‌ಗೆ ತಿನ್ನಿಸುತ್ತಿರುವಾಗ ಬ್ರೆಂಟ್ ಬಂದು ಹೊಸಿಲಲ್ಲೇ ನಿಲ್ಲುತ್ತಾನೆ. ಈ ಸಲ ಕೈಯಲ್ಲಿ ಲೋಟವಿಲ್ಲ. ಮೂವತ್ತಕ್ಕೇ ಮನೆ ಬಿಡಬೇಕು. ಹೊಸ ಕೆಲಸದವರಿಗೆ ಈಗಾಗಲೇ ಹಂಚಿಯಾಗಿದೆ. ಬದಲಿಗೆ ಕಂಪನಿ ಮೆಕಾಯ್‌ನಲ್ಲಿ ಒಂದು ಫ್ಲಾಟ್ ಕೊಡಿಸುತ್ತದೆ, ನೆಲಮಹಡಿ, ಆಸ್ಪತ್ರೆಯ ಎದುರಿಗೇ. ಅಲ್ಲಿ ಎನಿಡ್ ಅವರ ತಂಗಿಯರೂ ಇದ್ದಾರಲ್ಲ, ಎನ್ನುತ್ತಾನೆ.

"ಅದೇ ಭಯ" ಎನ್ನುತ್ತಾರೆ ಲೆಸ್ಟರ್. "ದಿನಾ ಸಂಜೆ ಬಂದು ಮಂಚದ ಸುತ್ತ ದೇವರ ಹಾಡು ಹಾಡ್ತಾರೆ. ಆ ಹಾಡು ಕೇಳಿದ್ರೆ ನಾಳೆ ಸಾಯೋನು ಇವತ್ತೇ ಸಾಯ್ತಾನೆ."

 ಲೆಸ್ಟರ್ ಮುಖವನ್ನು ಕಿಟಕಿಯ ಕಡೆ ಹೊರಳಿಸುತ್ತಾರೆ. ಹೊರಗೆ ತೆಂಕುಮೂಡಣದ ಗಾಳಿ ಒಂದೇ ಸಮನೆ ಬೀಸುತ್ತಿದೆ, ಷೆಡ್ಡಿನ ತಗಡು ಒಂದು ಕಡೆ ಎದ್ದು ಬಡಿಯುತ್ತಿದೆ. ಇನ್ನು ಮೂರು ವಾರಕ್ಕಾಗಿ ಅದಕ್ಕೆ ಮೊಳೆ ಹೊಡೆಸುವವರಿಲ್ಲ. ಬ್ರೆಂಟ್ ಹೋದದ್ದು ಗೊತ್ತೇ ಆಗುವುದಿಲ್ಲ. ಎನಿಡ್ ಗಂಡನ ಗಲ್ಲ ಒರೆಸುತ್ತಾರೆ. "ಇನ್ನೊಂದು ಚಮಚ."

"ಬೇಡ ಕಣೇ. ತಿಂದ್ರೆ ತಡ ಆಗತ್ತೆ."

"ಏನು ತಡ?"

"ಮೂವತ್ತರೊಳಗೆ ಮುಗಿಸ್ಬೇಕಲ್ಲ" ಎನ್ನುತ್ತಾರೆ ಲೆಸ್ಟರ್, ಕೆಲಸ ಒಪ್ಪಿಕೊಂಡ ಮನುಷ್ಯನ ಹಾಗೆ. ಎನಿಡ್ ಚಮಚವನ್ನು ಹಿಡಿದೇ ಇರುತ್ತಾರೆ. ತುಂಬಾ ಹೊತ್ತಾದ ಮೇಲೆ ಲೆಸ್ಟರ್ ಬಾಯಿ ತೆರೆಯುತ್ತಾರೆ, ಹೆಂಡತಿಯ ಕೈ ನೋಯುತ್ತದೆಂದು.

ಸಂಜೆ ಬಗ್ಗಿಗಳು ಒಂದೊಂದಾಗಿ ಷೆಡ್ಡಿಗೆ ಮರಳುತ್ತವೆ. ಎನಿಡ್ ಅವುಗಳ ಬಾಲಕ್ಕೆ ಚಾರ್ಜರಿನ ಹಗ್ಗ ಸಿಕ್ಕಿಸುತ್ತ ಸಾಲಿನ ಉದ್ದಕ್ಕೂ ನಡೆಯುತ್ತಾರೆ. ಕೆಲಸದ ಬಗ್ಗೆ ಹೆಮ್ಮೆಯಿದೆಯೇ ಎಂದರೆ, "ಬ್ಯಾಟರಿಗೆ ನೀರು ಹಾಕೋದ್ರಲ್ಲಿ ಹೆಮ್ಮೆ ಏನು ಬಂತು" ಎನ್ನುತ್ತಾರೆ. ದ್ವೀಪ ಬಿಡಲು ಬೇಸರವೇ ಎಂದರೆ, "ಕೊಕಟೂಗಳಿಗೆ ಬೇಸರ ಆಗ್ಬೋದು" ಎನ್ನುತ್ತಾರೆ. ಹಾಗಾದರೆ ಆಸೆ ಏನು ಎಂದು ಕೇಳಿದಾಗ ಮಾತ್ರ ಅವರ ಕೈ ನಿಲ್ಲುತ್ತದೆ.

"ಅದೊಂದು ಕೇಳ್ಬಾರದಿತ್ತು ನೀವು. ದಿನಾ ರಾತ್ರಿ ಪ್ರಾರ್ಥನೆಗೆ ಅಂತ ಮಂಡಿ ಊರ್ತೀನಿ, ಏನು ಬೇಡ್ಕೊಳ್ಳೋದು ಗೊತ್ತಾಗದೆ ಎದ್ದು ಬರ್ತೀನಿ. ಅವನ ಆಸೆ ನಡೀಲಿ ಅಂದ್ರೆ ಏನರ್ಥ ಆಗತ್ತೆ ಹೇಳಿ? ಈ ತಿಂಗಳೊಳಗೆ ಹೋಗ್ಲಿ ಅಂದ ಹಾಗಾಯ್ತು. ಉಳೀಲಿ ಅಂದ್ರೆ, ಅವನಿಗೆ ಕೊಟ್ಟ ಮಾತು ಹೋಯ್ತು."

ಕೊನೆಯ ಬಗ್ಗಿಗೆ ಕರೆಂಟು ಸಿಕ್ಕಿಸಿ ಅವರು ಕೈಗವಸು ಕಳಚುತ್ತಾರೆ. ಮನೆಯ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ಜುಲೈನಲ್ಲೂ ಇರ್ಲಿ ಅಂತ. ಎಲ್ಲಾದ್ರೂ ಸರಿ, ಆ ಆಸ್ಪತ್ರೆ ಎದುರಿಗಾದ್ರೂ ಸರಿ. ಅವನಿಗೆ ಮಾತ್ರ ಹೇಳ್ಬೇಡಿ, ಬೈತಾನೆ."