ಜನ್ನತಬಿಯ ಕತೆಗೆ ಒಂದು ಹೂಂ

ನಿಪ್ಪಾಣಿಯ ಜನ್ನತಬಿ ಬೀಡಿ ಸುತ್ತುವುದರಲ್ಲಿ ಅಷ್ಟೇನೂ ಚುರುಕಲ್ಲ. ಇದು ನಾನು ಹೊರಿಸಿದ ಆರೋಪವಲ್ಲ, ಅವಳೇ ಹೇಳುತ್ತಾಳೆ. ಅಕ್ಕವ್ವನ ಪಡಸಾಲೆಯಲ್ಲಿ ಎಂಟು ಹೆಂಗಸರು ಮೊರ ಮುಂದಿಟ್ಟುಕೊಂಡು ಕೂತರೆ ಏಳು ಜನರ ಕೈ ಓಡುತ್ತದೆ, ಜನ್ನತಬಿಯ ಬಾಯಿ ಓಡುತ್ತದೆ. ಕತೆ ಹೇಳುವವಳ ಕೈ ಹಿಂದೆ ಬೀಳುವುದು ಸಹಜ. ಅದಕ್ಕೇ ಸಂಜೆ ಏಳುವ ಮುಂಚೆ ಪ್ರತಿಯೊಬ್ಬಳೂ ತನ್ನ ಮೊರದಿಂದ ಒಂದು ಹಿಡಿ ಬೀಡಿ ಎತ್ತಿ ಅವಳ ಮೊರಕ್ಕೆ ಹಾಕುತ್ತಾಳೆ. ಇಪ್ಪತ್ತು ವರ್ಷದ ಈ ರೂಢಿ ಶುರು ಮಾಡಿದವಳು ಅಕ್ಕವ್ವ. ಹೂಂಗುಟ್ಟುವ ಕೆಲಸವೂ ಅವಳದೇ. ಹೂಂ ನಿಂತಿತೋ, ಕೇಳುವವರಿಗೆ ಬೇಸರ ಬಂತೆಂದು ಅರ್ಥ. ಜನ್ನತಬಿ ಅಲ್ಲಿಗೇ ಕತೆ ಕಟ್ಟಿಡಬೇಕು.

ಮೊದಮೊದಲು ರಾಜರಾಣಿಯರಿದ್ದರು, ಮುಗಿದರು. ಜಿನ್ನುಗಳೂ ಮುಗಿದವು. ಆಗ ಅವಳು ಚಂದ್ರನ ಮೇಲೆ ಒಂದು ಗಲ್ಲಿ ಕಟ್ಟಿದಳು, ಅಲ್ಲಿಗೆ ನೀರಿನ ಟ್ಯಾಂಕರ್ ಕಳಿಸಿದಳು, ಟ್ಯಾಂಕರಿನ ಮುಂದೆ ಜಗಳವನ್ನೂ ಹಚ್ಚಿದಳು. ಸೊಸೆ ಹೀನಾ ಇದನ್ನೆಲ್ಲ ಮೊಬೈಲಿನಲ್ಲಿ ಬರೆದು ಪತ್ರಿಕೆಗಳಿಗೆ ಕಳಿಸಿದಳು. ಹೋದ ವರ್ಷ ಪುಸ್ತಕವೇ ಬಂತು. ಅದರ ಬೆನ್ನಿಗೇ ಈ ವರ್ಷ ಪತ್ರ: ವಿಜ್ಞಾನದ ಕತೆ, ಅದ್ಭುತದ ಕತೆ ಬರೆಯುವವರ ವಾರ್ಷಿಕ ಸಮ್ಮೇಳನ ಈ ಸಲ ಚಿಕ್ಕೋಡಿಯಲ್ಲಿ, ಲೇಖಕಿ ಜನ್ನತಬಿಯವರು ಬಂದು ಒಂದು ಕತೆ ಹೇಳಬೇಕು.

"ಅಕ್ಕಾ, ನೀನೂ ಬಾ. ನೀ ಇಲ್ಲಂದ್ರ ನನಗ ಬಾಯೇ ಬರಂಗಿಲ್ಲ," ಎಂದು ಜನ್ನತಬಿ ಗೋಗರೆದಳು.

"ನಾನೂ ಬಂದ್ರ ನಿನ್ನ ಮೊರ ಯಾರು ತುಂಬಸ್ತಾರಬೇ? ಅವತ್ತ ಕಂಪನಿಗೆ ಮಾಲು ಕೊಡೋ ದಿನ ಐತಿ," ಎಂದಳು ಅಕ್ಕವ್ವ. "ನೀ ಹೋಗು. ಆ ಯಂತ್ರದ ಕತಿ ಅರ್ಧಾ ಆಗೇತಲಾ, ಅದನ್ನ ಪೂರಾ ಹೇಳು. ಅರ್ಧಕ್ಕ ಬಿಟ್ಟು ಬಂದ್ರ ನನ್ನ ಪಡಸಾಲಿ ಹತ್ತಗೊಡಂಗಿಲ್ಲ ನೋಡು!"

ಹೀಗೆ ಅತ್ತೆ ಸೊಸೆ ಇಬ್ಬರೇ ಬಸ್ಸು ಹತ್ತಿದರು. ಕಾಲೇಜಿನ ಸಭಾಂಗಣದಲ್ಲಿ ಕತೆಯ ಪಾತ್ರಗಳ ವೇಷ ತೊಟ್ಟು, ತಲೆಗೆ ಬೆಳ್ಳಿ ಬಣ್ಣದ ಡಬ್ಬಿ ಹಾಕಿಕೊಂಡವರು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡವರು ಅಡ್ಡಾಡುತ್ತಿದ್ದರು. "ಯಾ ಅಲ್ಲಾ, ಇವರನ್ನೆಲ್ಲಾ ನಾನ ಕಟ್ಟಿ ಬಿಟ್ಟಂಗ ಐತಲ್ಲ," ಎಂದು ಜನ್ನತಬಿ ಹೀನಾಳ ಕೈ ಹಿಡಿದಳು. ರಾಯಬಾಗದ ವಿಜ್ಞಾನ ಮಾಸ್ತರ ದಾದಾಸಾಹೇಬ ಸಮ್ಮೇಳನದ ಹಿರಿಯರು. ಅವರು ತಾವೇ ಬಂದು ಅವಳನ್ನು ವೇದಿಕೆಗೆ ಕರೆದೊಯ್ದರು.

ಜನ್ನತಬಿ ಶುರು ಮಾಡಿದಳು. ದೂರದ ನಕ್ಷತ್ರದಿಂದ ನಿಪ್ಪಾಣಿಗೆ ಒಂದು ಯಂತ್ರ ಬಂತು. ನೂರು ಹೆಂಗಸರ ಬೀಡಿ ಒಂದೇ ತಾಸಿನಲ್ಲಿ ಸುತ್ತಿ ಎಸೆಯುತ್ತಿತ್ತು. ಆದರೆ ಪಡಸಾಲೆಯಲ್ಲಿ ಕೂತು ಕೂತು ಅದಕ್ಕೆ ಕತೆಯ ಚಟ ಹತ್ತಿತು. ಒಂದು ದಿನ ಕತೆ ನಿಂತಿತು, ಯಂತ್ರವೂ ನಿಂತಿತು.

ಇಲ್ಲಿಗೆ ಬಂದು ಅವಳು ಒಂದು ಕ್ಷಣ ತಡೆದಳು. ಸಭೆಯಲ್ಲಿ ಹೂಂ ಇಲ್ಲ, ಉಸಿರಿಲ್ಲ. ಮುನ್ನೂರು ಜನ ಸುಮ್ಮನೆ ನೋಡುತ್ತಿದ್ದಾರೆ. ಹೋಯಿತು, ಮರ್ಯಾದೆ ಹೋಯಿತು, ಅಕ್ಕವ್ವನಿಗೆ ಏನು ಮುಖ ತೋರಿಸಲಿ?

"ಇಷ್ಟ ಸಾಕ್ರಿ. ನಿಮಗ ಬ್ಯಾಸರಾಗೇತಿ," ಎಂದು ಕೈ ಮುಗಿದು ಮೆಟ್ಟಿಲತ್ತ ನಡೆದೇಬಿಟ್ಟಳು.

ದಾದಾಸಾಹೇಬ ಮಾಸ್ತರರು ಓಡಿಬಂದರು. "ಅಯ್ಯ, ಯಾರಂದ್ರಿ ಬ್ಯಾಸರ? ಮುಂದ ಯಂತ್ರ ಏನ್ ಮಾಡ್ತು?"

"ಯಾರೂ ಹೂಂ ಅನ್ಲಿಲ್ಲಲ್ರಿ!"

ಮಾಸ್ತರರು ಹಣೆ ಬಡಿದುಕೊಂಡರು. "ಗದ್ದಲ ಮಾಡಬ್ಯಾಡ್ರಿ ಅಂತ ನಾನ ಹೇಳಿ ಕುಂಡ್ರಿಸೇನ್ರಿ, ತಾಯಿ. ತಪ್ಪು ನಂದು." ಆಮೇಲೆ ಸಭೆಯತ್ತ ತಿರುಗಿ, "ಏನ್ರಪಾ, ಹೂಂ ಅಂತೀರೋ ಇಲ್ಲೋ?"

"ಹೂಂ!" ಸಭಾಂಗಣದ ತಗಡು ನಡುಗಿತು. ರೆಕ್ಕೆಯವರೂ ಹೂಂ, ಡಬ್ಬಿಯವರೂ ಹೂಂ. ಜನ್ನತಬಿಗೆ ನಗು ಬಂತು, ಹೋದ ಜೀವವೂ ಬಂತು. ಕತೆಯ ಕೊನೆಯನ್ನು ಅಲ್ಲೇ ನಿಂತು ಕಟ್ಟಿ ಪೂರ್ತಿ ಹೇಳಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು.

ಹೊತ್ತು ಮುಳುಗುವ ಮುಂಚೆ ಅವಳು ಪಡಸಾಲೆಗೆ ಬಂದಾಗ ಎಲ್ಲರೂ ಮಾಲು ಕೊಟ್ಟು ಬಂದು ಕೂತಿದ್ದರು. "ನಿಂದೂ ಕೊಟ್ಟು ಬಂದೀವಿ," ಎಂದಳು ಜೊತೆಗೆ ಬೀಡಿ ಸುತ್ತುವ ಕುಸುಮ. "ನಾವು ಒಂದೊಂದ ಹಿಡಿ ಹಾಕಿದ್ವಿ. ಉಳಿದದ್ದೆಲ್ಲಾ ಅಕ್ಕವ್ವಂದು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ ನೋಡು."

ಜನ್ನತಬಿ ಶಾಲು ಬಿಚ್ಚಿ ಅಕ್ಕವ್ವನ ಹೆಗಲಿಗೆ ಹಾಕಿದಳು. "ಅಕ್ಕಾ, ಇದು ನಿಂದು. ನಿನ್ನ ಋಣ ನಾ ಎಲ್ಲಿ ತೀರಸ್ಲಿ?"

"ಏ ಹೋಗಬೇ, ಇದನ್ನ ಹೊತ್ಕೊಂಡು ನಾ ಎಲ್ಲಿ ಮೆರೀಲಿ?" ಎಂದು ಗದರಿದಳು ಅಕ್ಕವ್ವ, ಆದರೆ ಶಾಲು ತೆಗೆಯಲಿಲ್ಲ. "ಪೂರಾ ಹೇಳ್ದೇನು?"

"ಹೇಳಿದೆ."

"ಊರಿಗೆಲ್ಲಾ ಹೇಳಿದಿ, ನಮಗೆಲ್ಲಿ ಹೇಳಿದಿ? ಕೂಡು, ಹೇಳು."

ಜನ್ನತಬಿ ಕೂತಳು. "ಕತಿ ನಿಂತಿತು, ಯಂತ್ರಾನೂ ನಿಂತಿತು."

"ಹೂಂ."

"ಕತಿ ಹೇಳಾಕಿ ಮೊರ ನೋಡಿದ್ರ ಖಾಲಿ. ಯಂತ್ರ ಅದನ್ನ ನೋಡ್ತು."

"ಹೂಂ."

"ತಾ ಸುತ್ತಿದ ರಾಶಿಯೊಳಗಿಂದ ಒಂದ ಹಿಡಿ ಎತ್ತಿ, ಆಕಿ ಮೊರಕ್ಕ ಹಾಕ್ತು."

ಹೂಂ ಬರಲಿಲ್ಲ. ಜನ್ನತಬಿ ತಲೆ ಎತ್ತಿ ನೋಡಿದಳು. ಅಕ್ಕವ್ವ ಹೊಸ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಹೂಂ ಇಲ್ಲದೆಯೇ ಜನ್ನತಬಿ ಕತೆ ಮುಂದುವರಿಸಿದಳು.