ಕನ್ನಡ ತೆಗೆದುಕೊಂಡ ಅಕ್ಕ

ಶಿವಮೊಗ್ಗದ ಕಾಲೇಜೊಂದರ ಗೋಡೆಗೆ ಇವತ್ತು ಪಿಯುಸಿ ಸೀಟಿನ ಕಟ್‌ಆಫ್ ಪಟ್ಟಿ ಅಂಟಿಸುತ್ತಿದ್ದರು. ಹಸಿ ಗೋಂದಿನ ವಾಸನೆಗೆ, ಸೀಟು ಕೇಳಲು ಹೊರಟ ಅಕ್ಕನ ಕೈ ಹಿಡಿದು ಭದ್ರಾವತಿಯಿಂದ ಇಲ್ಲಿಗೆ ಬಂದಿದ್ದ ದಿನ ನೆನಪಾಯಿತು.

ಹತ್ತನೇ ತರಗತಿಯ ಗಣಿತ, ವಿಜ್ಞಾನದಲ್ಲಿ ಅಕ್ಕ ಪಕ್ಕದ ಮನೆಯ ಸುಮಾಳಿಗಿಂತ ಮುಂದಿದ್ದಳು. ಆದರೆ ಸುಮಾ ಸಂಸ್ಕೃತ ತೆಗೆದುಕೊಂಡು ಪೂರ್ತಿ ಅಂಕ ಬಾಚಿದ್ದಳು. ಪದ್ಯದ ಆಸೆಗೆ ಕನ್ನಡ ತೆಗೆದುಕೊಂಡ ಅಕ್ಕ ಅಲ್ಲೇ ಸೋತಿದ್ದಳು. ಸೀಟಿಗೆ ನೋಡುವುದು ಒಟ್ಟು ಅಂಕ. ತಕ್ಕಡಿಗೆ ಯಾವ ಸರಕಾದರೂ ಒಂದೇ.

“ಭಾಷೆ ಬಿಟ್ಟು ಕೂಡಿಸಿ ನೋಡಿ ಸಾರ್, ಸೈನ್ಸ್ ಸಿಗುತ್ತೆ,” ಎಂದಳು ಅಕ್ಕ.

“ಕನ್ನಡ ಅಷ್ಟು ಇಷ್ಟ ಇದ್ರೆ ಆರ್ಟ್ಸ್ ತಗೋ ಮಾರಾಯ್ತಿ!” ಎಂದರು ಗುಮಾಸ್ತರು. ಸಾಲಿಗೆ ಸಾಲೇ ನಕ್ಕಿತು. ಅಕ್ಕ ಮತ್ತೆ ಯಾವ ಕಾಲೇಜಿನ ಮೆಟ್ಟಿಲೂ ಹತ್ತಲಿಲ್ಲ.

ಇವತ್ತು ಸಂಜೆ, ನನ್ನ ಮಗಳಿಗೆ ಶಾಲೆಯಲ್ಲಿ ಯಾವ ಭಾಷೆ ಕೊಡಿಸಲೆಂದು ಅಕ್ಕನನ್ನೇ ಕೇಳಿದೆ. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ದಿನವಿಡೀ ಡಬ್ಬಿಗೆ ನಟ್ಟು ತುಂಬಿಸಿ ಬಂದಿದ್ದ ಅಕ್ಕ ತಲೆ ಎತ್ತಲಿಲ್ಲ.

“ಸಂಸ್ಕೃತನೇ ಹಾಕ್ಸು. ಕನ್ನಡ ಮನೇಲಿದ್ರೆ ಸಾಕು.”